‘ನಾಳೆ ಬಾ’ ಎಂದು ಪಠ್ಯಕ್ರಮಕ್ಕೆ ಹೇಳುವವರಿಗೆ: ಸೆಮಿಸ್ಟರ್ ಓದನ್ನು ಮುಂದೂಡದೆ ನಡೆಸುವ ಬಗೆ

1990ರ ದಶಕದಲ್ಲಿ ಕರ್ನಾಟಕದ ಎಷ್ಟೋ ಊರುಗಳಲ್ಲಿ, ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ಕೂಡ, ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದಾಗಲೂ ಅದೇ ಬರಹವನ್ನು ಕಂಡು ಮತ್ತೆ ಹಿಂದಿರುಗುತ್ತದೆ ಎಂಬುದು ಆಗಿನ ನಂಬಿಕೆ. ಪದವಿ ತರಗತಿಯ ಅನೇಕ ವಿದ್ಯಾರ್ಥಿಗಳು ತಮ್ಮ ಪಠ್ಯಕ್ರಮದೊಂದಿಗೆ ನಡೆದುಕೊಳ್ಳುವುದೂ ಹೀಗೆಯೇ. ಆದರೆ ದೆವ್ವದ ಕೈಯಲ್ಲಿ ವೇಳಾಪಟ್ಟಿ ಇರಲಿಲ್ಲ. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕೈಯಲ್ಲಿ ಇರುತ್ತದೆ.

ನಾನು ಹಲವು ವರ್ಷಗಳಿಂದ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಪ್ರತಿ ಸೆಮಿಸ್ಟರ್ ಮುಗಿದ ಮೇಲೆ ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಉತ್ತರ ಪತ್ರಿಕೆಗಳನ್ನೂ ನೋಡುತ್ತೇನೆ. ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಮುಂದೂಡುವ ಅಭ್ಯಾಸದಿಂದ ಪಾರಾಗಿರಲಿಲ್ಲ. ಬಿ.ಎ. ಎರಡನೆಯ ವರ್ಷದ ಸಂಖ್ಯಾಶಾಸ್ತ್ರದ ಪತ್ರಿಕೆಯನ್ನು ‘ಕೊನೆಗೆ ನೋಡಿಕೊಂಡರಾಯಿತು’ ಎಂದು ಬಿಟ್ಟು, ಕೊನೆಗೆ ನೋಡಿಕೊಳ್ಳಲು ದಿನಗಳೇ ಉಳಿಯದೆ, ಮರುವರ್ಷ ಮತ್ತೆ ಶುಲ್ಕ ಕಟ್ಟಿ ಬರೆದೆ. ಮುಂದಿನ ಮಾತುಗಳು ಮುಖ್ಯವಾಗಿ ನಮ್ಮ ರಾಜ್ಯದ ಬಿ.ಎ., ಬಿ.ಕಾಂ., ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಎಂಜಿನಿಯರಿಂಗ್ ಓದುವವರಿಗೂ ಬಹಳಷ್ಟು ಹೊಂದುತ್ತವೆ.

ಯಾವುದರಿಂದ ತಪ್ಪಿಸಿಕೊಳ್ಳುತ್ತಿದ್ದೀರಿ?

ಓದನ್ನು ಮುಂದೂಡುವವರಿಗೆ ಮನೆಯಲ್ಲಿ ಸೋಮಾರಿ ಎಂಬ ಹೆಸರು, ಕಾಲೇಜಿನಲ್ಲಿ ಮೈಗಳ್ಳ ಎಂಬ ಹೆಸರು. ಎರಡೂ ಸರಿಯಾದ ಹೆಸರಲ್ಲ. ಇಂಟರ್ನಲ್ಸ್‌ನ ಹಿಂದಿನ ದಿನ ಯಾವುದಾದರೂ ಹಾಸ್ಟೆಲಿಗೆ ಹೋಗಿ ನೋಡಿ: ಎರಡು ವಾರದಿಂದ ಮೂಲೆಯಲ್ಲಿ ಬಿದ್ದಿದ್ದ ಬಟ್ಟೆಯ ರಾಶಿಯನ್ನು ಅಂದೇ ಒಗೆದು ಹಗ್ಗದ ಮೇಲೆ ಹಾಕಿರುತ್ತಾರೆ, ಕೋಣೆಯನ್ನು ಗುಡಿಸಿ ಒರೆಸಿರುತ್ತಾರೆ, ನೋಟ್ ಪುಸ್ತಕಗಳಿಗೆ ಹೊಸ ರಟ್ಟು ಹಾಕಿರುತ್ತಾರೆ. ಸೋಮಾರಿಯಾದವನು ಇಷ್ಟು ಕೆಲಸ ಮಾಡುವುದಿಲ್ಲ. ನನ್ನ ವಿದ್ಯಾರ್ಥಿಯೊಬ್ಬ ಓದುವ ವೇಳಾಪಟ್ಟಿಯನ್ನು ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನಲ್ಲಿ, ಅಡಿಗೆರೆ ಸಹಿತ, ಒಂದು ವಾರ ಬರೆದಿದ್ದ. ಅದು ಮುಗಿಯುವ ಹೊತ್ತಿಗೆ ಅದರಲ್ಲಿದ್ದ ಮೊದಲ ವಾರ ಕಳೆದುಹೋಗಿತ್ತು.

ಮನಶ್ಶಾಸ್ತ್ರಜ್ಞರಾದ ಫ್ಯೂಷಿಯಾ ಸಿರೋಯಿ ಮತ್ತು ತಿಮೋತಿ ಪಿಚಿಲ್ ಅವರು 2013ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ್ದಾರೆ: ಮುಂದೂಡುವವನು ಕೆಲಸದಿಂದ ಓಡಿಹೋಗುತ್ತಿರುವುದಿಲ್ಲ, ಆ ಕೆಲಸ ತನ್ನಲ್ಲಿ ಎಬ್ಬಿಸುವ ಅಸಹನೆ, ಭಯ ಅಥವಾ ಬೇಸರದಿಂದ ಓಡಿಹೋಗುತ್ತಿರುತ್ತಾನೆ. ಪುಸ್ತಕವನ್ನು ಮುಚ್ಚಿದ ಕ್ಷಣದಲ್ಲಿ ಮನಸ್ಸಿಗೆ ಒಂದು ಹಗುರ ಸಿಗುತ್ತದೆ. ಆ ಹಗುರವೇ ಬಹುಮಾನವಾಗಿ, ಮರುದಿನವೂ ಮುಚ್ಚಬೇಕೆನಿಸುತ್ತದೆ. ಆದ್ದರಿಂದ ‘ನಾಳೆಯಿಂದ ದಿನಕ್ಕೆ ಎಂಟು ಗಂಟೆ ಓದುತ್ತೇನೆ’ ಎಂಬ ಶಪಥದಿಂದ ಪ್ರಯೋಜನವಿಲ್ಲ. ಶಪಥ ದೊಡ್ಡದಾದಷ್ಟೂ ಅದರ ಹಿಂದಿನ ಭಯವೂ ದೊಡ್ಡದಾಗುತ್ತದೆ.

ನೀವು ಮಾಡಬೇಕಾದ ಮೊದಲ ಕೆಲಸವೆಂದರೆ, ಅತಿ ಹೆಚ್ಚು ಮುಂದೂಡುತ್ತಿರುವ ಪತ್ರಿಕೆಯ ಪುಸ್ತಕವನ್ನು ತೆರೆದು, ಎರಡು ನಿಮಿಷ ಅದರ ಮುಂದೆ ಕುಳಿತು, ಆಗ ಏನನಿಸುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯುವುದು. ನಾನು ತರಗತಿಯಲ್ಲಿ ಇದನ್ನು ಮಾಡಿಸಿದಾಗ ಬರುವ ಉತ್ತರಗಳು ಹೆಚ್ಚುಕಡಿಮೆ ಮೂರೇ ಬಗೆಯವು. ‘ಎಲ್ಲಿಂದ ಶುರು ಮಾಡಬೇಕೋ ಗೊತ್ತಾಗುವುದಿಲ್ಲ’, ‘ಓದಿದರೂ ಅರ್ಥವಾಗುವುದಿಲ್ಲ’, ‘ಓದಿದರೂ ಫೇಲಾದರೆ ಏನು ಮಾಡುವುದು’. ಮೂರಕ್ಕೂ ಮದ್ದು ಬೇರೆ ಬೇರೆ. ಇನ್ನು ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ, ಒಂದೂವರೆ ಗಂಟೆ ಬಸ್ಸಿನಲ್ಲಿ ನಿಂತು ಕಾಲೇಜಿಗೆ ಬಂದು, ಸಂಜೆ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವರ ಸಮಸ್ಯೆ ಮುಂದೂಡಿಕೆಯೇ ಅಲ್ಲ, ಸಮಯದ ಅಭಾವ. ಅವರು ತಮ್ಮನ್ನು ತಾವು ಹಳಿದುಕೊಳ್ಳುವುದನ್ನು ಇಂದೇ ನಿಲ್ಲಿಸಿ, ಇರುವ 40 ನಿಮಿಷವನ್ನು ಹೇಗೆ ಬಳಸಬೇಕೆಂಬುದನ್ನಷ್ಟೇ ಯೋಚಿಸಿದರೆ ಸಾಕು.

ಅರ್ಥವಾಗದ ಪುಸ್ತಕದ ಮುಂದೆ

ಎರಡನೆಯ ಉತ್ತರದ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು; ಏಕೆಂದರೆ ಓದುವ ಕೌಶಲದ ಬಗ್ಗೆ ಬರೆಯುವವರು ಇದನ್ನು ಮುಟ್ಟುವುದೇ ಇಲ್ಲ. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪದವಿಯಲ್ಲಿ ಏಕಾಏಕಿ ಇಂಗ್ಲಿಷ್ ಪುಸ್ತಕವನ್ನು ಕೈಗೆ ತೆಗೆದುಕೊಂಡ ವಿದ್ಯಾರ್ಥಿ ಒಂದು ಪುಟ ಓದಲು ಅರ್ಧ ಗಂಟೆ ತೆಗೆದುಕೊಳ್ಳುತ್ತಾನೆ. ಆ ಅರ್ಧ ಗಂಟೆಯಲ್ಲಿ ಅವನಿಗೆ ತನ್ನ ಬುದ್ಧಿಯ ಮೇಲೆಯೇ ಅನುಮಾನ ಬರುತ್ತದೆ. ಅಂಥ ಅನುಭವವನ್ನು ಯಾರು ತಾನೇ ದಿನವೂ ಬಯಸಿ ಬಯಸಿ ಪಡೆಯುತ್ತಾರೆ? ಅವನು ಮೊಬೈಲ್ ತೆಗೆದರೆ ಆಶ್ಚರ್ಯವಿಲ್ಲ.

ಇಂಥವರು ಮೊದಲು ವಿಷಯವನ್ನು ಕನ್ನಡದಲ್ಲಿ ಓದಿಕೊಳ್ಳಬೇಕು. ಪಿಯುಸಿಯ ಹಳೆಯ ಪಠ್ಯವನ್ನೋ, ಕಾಲೇಜಿನ ಗ್ರಂಥಾಲಯದಲ್ಲಿ ಧೂಳು ಹಿಡಿದಿರುವ ಕನ್ನಡ ಪುಸ್ತಕವನ್ನೋ ಓದುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಆಮೇಲೆ ಪ್ರತಿ ಘಟಕಕ್ಕೆ 15 ಪದಗಳಂತೆ ಒಂದು ಪಟ್ಟಿ ಮಾಡಿಕೊಳ್ಳಿ. ಒಂದು ಎಚ್ಚರಿಕೆ: ‘ಎಲಾಸ್ಟಿಸಿಟಿ’ ಎಂಬುದರ ಮುಂದೆ ‘ಸ್ಥಿತಿಸ್ಥಾಪಕತ್ವ’ ಎಂದು ಬರೆದುಕೊಂಡು ಸುಮ್ಮನಾದರೆ ಒಂದು ಕಷ್ಟದ ಪದದ ಜಾಗದಲ್ಲಿ ಇನ್ನೊಂದು ಕಷ್ಟದ ಪದ ಬಂದು ಕುಳಿತಂತಾಯಿತು, ಅಷ್ಟೇ. ಅದರ ಮುಂದೆ ನಿಮ್ಮ ಅಜ್ಜಿಗೆ ಹೇಳುವ ಹಾಗೆ ಬರೆಯಿರಿ: ‘ಬೆಲೆ ಬದಲಾದಾಗ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ. ಉಪ್ಪಿನ ಬೆಲೆ ಏರಿದರೂ ಮನೆಗೆ ಬೇಕಾದಷ್ಟು ಉಪ್ಪನ್ನು ತಂದೇ ತರುತ್ತಾರೆ. ಒಂದು ಗಾಡಿಯವನು ಗೋಬಿ ಮಂಚೂರಿಯ ಬೆಲೆ ಏರಿಸಿದರೆ ಪಕ್ಕದ ಗಾಡಿಗೆ ಹೋಗುತ್ತಾರೆ.’ ಇಷ್ಟು ಬರೆದವರಿಗೆ ಇಂಗ್ಲಿಷ್ ಪುಸ್ತಕದ ಆ ಪುಟ ಹತ್ತು ನಿಮಿಷದಲ್ಲಿ ಮುಗಿಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಇಂಗ್ಲಿಷಿನಲ್ಲಿ ಉತ್ತರ ಬರೆಯುವುದು ಅನಿವಾರ್ಯವಾದರೆ ಏಳೆಂಟು ಪದಗಳ ಚಿಕ್ಕ ವಾಕ್ಯಗಳಲ್ಲಿ ಬರೆಯಿರಿ. ಬಿ.ಎ., ಬಿ.ಕಾಂ. ಪತ್ರಿಕೆಗಳನ್ನು ಕನ್ನಡದಲ್ಲಿ ಉತ್ತರಿಸಲು ಹಲವು ವಿಶ್ವವಿದ್ಯಾಲಯಗಳಲ್ಲಿ ಅವಕಾಶವಿದೆ. ನಿಮ್ಮಲ್ಲಿ ಇದೆಯೇ ಎಂಬುದನ್ನು ಸೆಮಿಸ್ಟರಿನ ಮೊದಲ ವಾರದಲ್ಲಿಯೇ ಕೇಳಿ ತಿಳಿದುಕೊಳ್ಳಿ, ಪರೀಕ್ಷೆಯ ಹಿಂದಿನ ದಿನ ಅಲ್ಲ.

ಶುರು ಮಾಡುವ ಕೆಲಸವನ್ನು ಚಿಕ್ಕದಾಗಿಸುವುದು

‘ಎಲ್ಲಿಂದ ಶುರು ಮಾಡಬೇಕೋ ಗೊತ್ತಿಲ್ಲ’ ಎನ್ನುವವರ ಪಟ್ಟಿಯನ್ನು ನೋಡಿದರೆ ಅದರಲ್ಲಿ ‘ಮೈಕ್ರೋ ಎಕನಾಮಿಕ್ಸ್ ಓದಬೇಕು’ ಎಂದಿರುತ್ತದೆ. ಅದು ಕೆಲಸವಲ್ಲ, ಒಂದು ಊರಿನ ಹೆಸರು; ಅಲ್ಲಿಗೆ ಹೋಗುವ ಬಸ್ ಯಾವುದು, ಎಷ್ಟು ಗಂಟೆಗೆ ಎಂಬುದು ಅದರಲ್ಲಿಲ್ಲ. ಬೇಡಿಕೆಯ ಘಟಕವನ್ನೇ ತೆಗೆದುಕೊಳ್ಳಿ. ಅದನ್ನು ನಾನು ಏಳು ತುಂಡು ಮಾಡುತ್ತೇನೆ: ಬೇಡಿಕೆಯ ಅರ್ಥ ಮತ್ತು ನಿಯಮ; ಬೇಡಿಕೆಯ ಪಟ್ಟಿ ಮತ್ತು ರೇಖೆ; ರೇಖೆ ಎಡದಿಂದ ಬಲಕ್ಕೆ ಕೆಳಮುಖವಾಗಿ ಇಳಿಯುವುದೇಕೆ; ನಿಯಮದ ಅಪವಾದಗಳು; ರೇಖೆಯ ಮೇಲಿನ ಚಲನೆಗೂ ರೇಖೆಯೇ ಪಕ್ಕಕ್ಕೆ ಸರಿಯುವುದಕ್ಕೂ ಇರುವ ವ್ಯತ್ಯಾಸ; ಬೆಲೆ ಸ್ಥಿತಿಸ್ಥಾಪಕತ್ವದ 5 ವಿಧಗಳು; ಅದನ್ನು ಅಳೆಯುವ ವಿಧಾನಗಳು. ಒಂದೊಂದು ತುಂಡು ಅರ್ಧ ಗಂಟೆಯ ಕೆಲಸ. ಮೂರೂವರೆ ಗಂಟೆಯಲ್ಲಿ ಮುಗಿಯುವ ಈ ಘಟಕವನ್ನು ಎರಡು ತಿಂಗಳು ಹೆದರಿ ಬಿಟ್ಟಿದ್ದೆವು ಎಂಬುದು ಹೀಗೆ ಬರೆದಾಗಲೇ ತಿಳಿಯುವುದು.

ತುಂಡು ಮಾಡಿದ ಮೇಲೆ ಅದನ್ನು ದಿನಚರಿಯ ಒಂದು ಗೂಟಕ್ಕೆ ಕಟ್ಟಬೇಕು. ಜರ್ಮನಿಯಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಜರ್ ಅವರು 1990ರ ದಶಕದಿಂದ ತೋರಿಸುತ್ತ ಬಂದಿರುವುದು ಇದನ್ನೇ: ‘ಓದುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಇದಾದ ಕೂಡಲೇ, ಇಲ್ಲಿ ಕುಳಿತು, ಇದನ್ನು ಮಾಡುತ್ತೇನೆ’ ಎಂಬ ಸಂಕಲ್ಪ ಹೆಚ್ಚು ಈಡೇರುತ್ತದೆ. ‘ಸಂಜೆ ಬಸ್ಸಿಳಿದು ಮನೆಗೆ ಬಂದು, ಚಹಾ ಕುಡಿದ ಲೋಟವನ್ನು ತೊಳೆದಿಟ್ಟ ಕೂಡಲೇ, ನಡುಮನೆಯ ಕಿಟಕಿಯ ಪಕ್ಕ ಕುಳಿತು, ಬೇಡಿಕೆಯ ರೇಖೆಯನ್ನು ಪುಸ್ತಕ ನೋಡದೆ ಬರೆಯುತ್ತೇನೆ’ ಎಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ಲೋಟ ತೊಳೆಯುವುದೇ ನಿಮ್ಮ ಗಂಟೆಯಾಗುತ್ತದೆ. ಮನಸ್ಸು ಬಂದಾಗ ಓದುತ್ತೇನೆ ಎಂದು ಕಾಯುವವರಿಗೆ ಒಂದು ಮಾತು: ಮನಸ್ಸು ಬರುವುದು ಸಾಮಾನ್ಯವಾಗಿ ಓದಲು ಕುಳಿತು ಹತ್ತು ನಿಮಿಷವಾದ ಮೇಲೆ.

ಅಂದಾಜಿನ ವಿಷಯದಲ್ಲಿಯೂ ನಾವು ಮೋಸಹೋಗುತ್ತೇವೆ. ಕೆನಡಾದಲ್ಲಿ ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಯಾವಾಗ ಮುಗಿಸುತ್ತೀರೆಂದು ಕೇಳಿ, ಅವರ ಉತ್ತರವನ್ನು ನಿಜವಾಗಿ ಮುಗಿಸಿದ ದಿನದೊಂದಿಗೆ ಹೋಲಿಸಿದ ಅಧ್ಯಯನವೊಂದು 1994ರಲ್ಲಿ ಪ್ರಕಟವಾಯಿತು. ಅವರ ಅಂದಾಜು ಸರಾಸರಿ 34 ದಿನ. ಹಿಡಿದದ್ದು 55 ದಿನಕ್ಕೂ ಹೆಚ್ಚು. ಆದ್ದರಿಂದ ರೆಕಾರ್ಡ್ ಬುಕ್ ಎರಡು ಸಂಜೆಯಲ್ಲಿ ಮುಗಿಯುತ್ತದೆ ಎಂದು ನಿಮಗನ್ನಿಸಿದರೆ ಮೂರು ಸಂಜೆ ಇಟ್ಟುಕೊಳ್ಳಿ. ವಾರದಲ್ಲಿ ಒಂದು ದಿನವನ್ನು ಪೂರ್ತಿ ಖಾಲಿ ಬಿಡಿ. ಊರ ಜಾತ್ರೆ, ಮನೆಯವರ ಕಾಯಿಲೆ, ಕರೆಂಟ್ ಹೋಗುವುದು, ಎಲ್ಲಕ್ಕೂ ಆ ದಿನ ಬೇಕಾಗುತ್ತದೆ.

ಗಡುವನ್ನು ನಾವೇ ಹಾಕಿಕೊಂಡರೆ ನಾವೇ ಸಡಿಲಿಸುತ್ತೇವೆ. ಡ್ಯಾನ್ ಏರಿಯಲಿ ಮತ್ತು ಕ್ಲಾಸ್ ವೆರ್ಟೆನ್‌ಬ್ರಾಕ್ ಅವರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದ ಎಂಐಟಿಯ ಒಂದು ತರಗತಿಗೆ ಮೂರು ಬರಹಗಳನ್ನು ಸಮಾನ ಅಂತರದ ದಿನಾಂಕಗಳಲ್ಲಿ ಕೊಡಬೇಕೆಂದು ಶಿಕ್ಷಕರೇ ವಿಧಿಸಿದ್ದರು. ಇನ್ನೊಂದು ತರಗತಿಗೆ ದಿನಾಂಕವನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿತ್ತು. ಹೆಚ್ಚು ಅಂಕ ಬಂದದ್ದು ಮೊದಲನೆಯವರಿಗೆ. ಹಾಗಾಗಿ ಗಡುವಿನ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಿ. ಅಸೈನ್‌ಮೆಂಟಿನ ಮೊದಲ ಎರಡು ಪುಟವನ್ನು ಬುಧವಾರ ತೋರಿಸುತ್ತೇನೆ ಎಂದು ಮೇಷ್ಟ್ರಿಗೋ ಮೇಡಂಗೋ ಹೇಳಿಬಿಡಿ. ನಮ್ಮಲ್ಲಿ ಬಹಳ ಜನ ವಿದ್ಯಾರ್ಥಿಗಳು ಇದಕ್ಕೆ ಹಿಂಜರಿಯುತ್ತಾರೆ. ಆದರೆ ಬರೆದದ್ದನ್ನು ತೋರಿಸಲು ತಾನಾಗಿ ಬಂದ ವಿದ್ಯಾರ್ಥಿಯನ್ನು ಗದರಿಸಿ ಕಳುಹಿಸುವ ಅಧ್ಯಾಪಕರು ಅಪರೂಪ. ಸಂಕೋಚವಾದರೆ ಸಹಪಾಠಿಯೊಬ್ಬರೊಂದಿಗೆ ಒಪ್ಪಂದ ಮಾಡಿಕೊಳ್ಳಿ: ರಾತ್ರಿ ಒಂಬತ್ತಕ್ಕೆ ಇಬ್ಬರೂ ಅಂದು ಬರೆದ ಪುಟದ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಬೇಕು, ತಪ್ಪಿದವರು ಮರುದಿನ ಕ್ಯಾಂಟೀನಿನಲ್ಲಿ ಚಹಾ ಕೊಡಿಸಬೇಕು.

ಮೊಬೈಲಿನ ಬಗ್ಗೆ ಉಪದೇಶ ಎಲ್ಲರೂ ಮಾಡುತ್ತಾರೆ, ನಾನು ಮಾಡುವುದಿಲ್ಲ. ಅದನ್ನು ಓದುವ ಹೊತ್ತಿನಲ್ಲಿ ಬೇರೆ ಕೋಣೆಯಲ್ಲಿಡಿ. ಒಂದೇ ಕೋಣೆಯ ಮನೆಯಾದರೆ ಅಮ್ಮನ ಕೈಗೆ ಕೊಡಿ. ಪಕ್ಕದಲ್ಲಿ ಮಗುಚಿ ಇಟ್ಟುಕೊಳ್ಳುವುದರಿಂದ ಕೈ ಸುಮ್ಮನಿರುವುದಿಲ್ಲ. ಸಮಯ ನೋಡಲು ಗೋಡೆ ಗಡಿಯಾರ ಸಾಕು: ಇಟಲಿಯ ಫ್ರಾಂಚೆಸ್ಕೊ ಸಿರಿಲ್ಲೊ ಎಂಬವರು 1980ರ ದಶಕದ ಕೊನೆಯಲ್ಲಿ ತಾವು ವಿದ್ಯಾರ್ಥಿಯಾಗಿದ್ದಾಗ ಟೊಮೆಟೊ ಆಕಾರದ ಅಡುಗೆಮನೆಯ ಗಡಿಯಾರವಿಟ್ಟುಕೊಂಡು ರೂಢಿಸಿಕೊಂಡ 25 ನಿಮಿಷ ಓದು, 5 ನಿಮಿಷ ಬಿಡುವು ಎಂಬ ಕ್ರಮ ಹೆಚ್ಚಿನವರಿಗೆ ಒಗ್ಗುತ್ತದೆ. ಬಿಡುವಿನಲ್ಲಿ ಎದ್ದು ನೀರು ಕುಡಿಯಿರಿ. ಆ 5 ನಿಮಿಷದಲ್ಲಿ ರೀಲ್ಸ್ ತೆರೆದರೆ ಅದು 5 ನಿಮಿಷದಲ್ಲಿ ಮುಗಿಯದು ಎಂಬುದು ನಿಮಗೇ ಗೊತ್ತು.

ಓದುವುದೆಂದರೆ ಪುಸ್ತಕ ಮುಚ್ಚುವುದು

ಕುಳಿತವರೆಲ್ಲ ಕಲಿಯುವುದಿಲ್ಲ. ಹಳದಿ ಹೈಲೈಟರ್ ಹಿಡಿದು ಪುಟವನ್ನೆಲ್ಲ ಅರಿಶಿನ ಮಾಡಿ, ಅದನ್ನೇ ಮೂರು ಬಾರಿ ಓದುವವರಿಗೆ ‘ನನಗೆ ಎಲ್ಲ ಬರುತ್ತದೆ’ ಎನಿಸುತ್ತದೆ. ಬರುವುದು ಗುರುತು ಮಾತ್ರ. ಮುಖ ಪರಿಚಯವಿದೆ, ಹೆಸರು ನೆನಪಿಲ್ಲ ಎಂಬ ಸ್ಥಿತಿ. ಪರೀಕ್ಷೆಯಲ್ಲಿ ಕೇಳುವುದು ಹೆಸರನ್ನು.

ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನಪಿಡಬೇಕಾದದ್ದು. ಒಂದು ಚಿಕ್ಕ ಗದ್ಯಭಾಗವನ್ನು ವಿದ್ಯಾರ್ಥಿಗಳಿಗೆ ಓದಿಸಿ, ಒಂದು ಸಲ ಮತ್ತೆ ಓದಿಸಿದರು, ಇನ್ನೊಂದು ಸಲ ಓದಿದ್ದನ್ನು ನೋಡದೆ ನೆನಪಿನಿಂದ ಬರೆಸಿದರು. 5 ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮೇಲು: ಶೇ. 81 ನೆನಪಿತ್ತು, ಬರೆದದ್ದು ಶೇ. 75. ಒಂದು ವಾರದ ಬಳಿಕ ತಕ್ಕಡಿ ತಿರುಗಿತು. ಬರೆದದ್ದರಲ್ಲಿ ಶೇ. 56 ಉಳಿದಿತ್ತು, ಮತ್ತೆ ಓದಿದ್ದರಲ್ಲಿ ಶೇ. 42. ಕೊನೆಯ ರಾತ್ರಿ ಓದುವವರು ಓದಿದ್ದನ್ನೇ ಓದಿ ಸಮಾಧಾನ ಪಡುವುದೇಕೆ, ಎರಡು ತಿಂಗಳ ಹಿಂದಿನ ಘಟಕಗಳು ಮಾಯವಾಗುವುದೇಕೆ ಎಂಬ ಎರಡು ಪ್ರಶ್ನೆಗಳಿಗೂ ಈ ನಾಲ್ಕು ಅಂಕಿಗಳಲ್ಲಿ ಉತ್ತರವಿದೆ.

ಮಾಡುವ ಕ್ರಮ ಸರಳ. ಒಂದು ತುಂಡನ್ನು 15 ನಿಮಿಷ ಓದಿ. ಪುಸ್ತಕ ಮುಚ್ಚಿ. ಹಿಂಬದಿ ಖಾಲಿಯಿರುವ ಹಳೆಯ ಹಾಳೆಯ ಮೇಲೆ, ಚೆಂದವಾಗಿ ಬರೆಯಬೇಕೆಂಬ ಹಂಗಿಲ್ಲದೆ, ನೆನಪಾದದ್ದನ್ನೆಲ್ಲ ಬರೆಯಿರಿ. ಮತ್ತೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಆ ಕೆಂಪು ಅಕ್ಷರಗಳೇ ನಿಮ್ಮ ನಿಜವಾದ ನೋಟ್ಸ್. ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಒಮ್ಮೆ ಇದನ್ನೇ ಮಾಡಿ. ಪ್ರತಿ ಸಲವೂ ಕೆಂಪು ಕಡಿಮೆಯಾಗುತ್ತ ಹೋಗುತ್ತದೆ. ಇದು ಓದುವುದಕ್ಕಿಂತ ಕಷ್ಟವೆನಿಸುವುದು ನಿಜ, ಹಾಗಾಗಿಯೇ ಹೆಚ್ಚಿನವರು ಎರಡನೆಯ ದಿನಕ್ಕೆ ಬಿಡುತ್ತಾರೆ.

ಮೌಲ್ಯಮಾಪಕನಾಗಿ ಕಂಡದ್ದನ್ನೂ ಹೇಳಿಬಿಡುತ್ತೇನೆ. ಬೇಡಿಕೆಯ ರೇಖೆಯ ಚಿತ್ರವನ್ನು ಹೆಚ್ಚುಕಡಿಮೆ ಎಲ್ಲರೂ ಬರೆಯುತ್ತಾರೆ. ಲಂಬ ಅಕ್ಷದಲ್ಲಿ ಬೆಲೆ, ಅಡ್ಡ ಅಕ್ಷದಲ್ಲಿ ಪ್ರಮಾಣ ಎಂದು ಹೆಸರು ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಹೆಸರಿಲ್ಲದ ಎರಡು ಗೆರೆಗಳ ನಡುವೆ ಒಂದು ಓರೆ ಗೆರೆಗೆ ಅಂಕ ಕೊಡುವುದು ಹೇಗೆ? ಇದು ಗೊತ್ತಿಲ್ಲದ ತಪ್ಪಲ್ಲ, ಒಮ್ಮೆಯೂ ನೋಡದೆ ಬರೆದು ಅಭ್ಯಾಸ ಮಾಡದ ತಪ್ಪು. ಹಿಂದಿನ ಮೂರು ವರ್ಷದ ಪ್ರಶ್ನೆಪತ್ರಿಕೆಗಳನ್ನು ಝೆರಾಕ್ಸ್ ಮಾಡಿಸಿಟ್ಟುಕೊಂಡು, ವಾರಕ್ಕೆ ಒಂದು ದೀರ್ಘ ಉತ್ತರವನ್ನಾದರೂ ಗಡಿಯಾರ ನೋಡಿಕೊಂಡು ಬರೆದವರು ಇಂಥ ಅಂಕಗಳನ್ನು ಕಳೆದುಕೊಳ್ಳುವುದಿಲ್ಲ. ಪಠ್ಯಕ್ರಮ ಬದಲಾಗಿದ್ದರೆ ಹಳೆಯ ಪತ್ರಿಕೆಯಲ್ಲಿ ಈಗಿಲ್ಲದ ಘಟಕಗಳನ್ನು ಮೊದಲೇ ಹೊಡೆದುಹಾಕಿ. ನಮ್ಮ ರಾಜ್ಯದಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಪದವಿಯ ಚೌಕಟ್ಟು ಎರಡು ಬಾರಿ ಬದಲಾಗಿರುವುದರಿಂದ ಈ ಎಚ್ಚರ ಬೇಕು.

ಉಳಿದಿರುವುದು ಹತ್ತೇ ದಿನವಾದರೆ

ಸೆಮಿಸ್ಟರ್ ಎಂದರೆ ಸುಮಾರು 90 ಬೋಧನಾ ದಿನಗಳು. ಅವೆಲ್ಲ ಕಳೆದು, ಪರೀಕ್ಷೆಗೆ ಹತ್ತು ದಿನವಿರುವಾಗ ಇದನ್ನು ಓದುತ್ತಿರುವವರೂ ಇರುತ್ತಾರೆ. ಅವರು ಪಶ್ಚಾತ್ತಾಪಕ್ಕೆ ಸಮಯ ಕೊಡಬಾರದು. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮೊದಲ ಪರೀಕ್ಷೆಗೆ ಓದನ್ನು ಮುಂದೂಡಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದ್ದು ಕಂಡುಬಂತು. ಬೈದುಕೊಳ್ಳುತ್ತ ಕುಳಿತರೆ ಪುಸ್ತಕ ಇನ್ನಷ್ಟು ಅಸಹ್ಯವಾಗುತ್ತದೆ.

ಒಂದು ಹಾಳೆಯಲ್ಲಿ ಎಲ್ಲ ಪತ್ರಿಕೆಗಳ ಎಲ್ಲ ಘಟಕಗಳನ್ನೂ ಬರೆದು, ಪ್ರತಿಯೊಂದರ ಮುಂದೆ ‘ಬರುತ್ತದೆ’, ‘ಅರ್ಧ ಬರುತ್ತದೆ’, ‘ಬರುವುದಿಲ್ಲ’ ಎಂದು ಗುರುತು ಹಾಕಿ. ‘ಅರ್ಧ ಬರುತ್ತದೆ’ ಎಂಬುದರಿಂದ ಪ್ರಾರಂಭಿಸಿ. ಕಡಿಮೆ ಶ್ರಮಕ್ಕೆ ಹೆಚ್ಚು ಅಂಕ ಸಿಗುವುದು ಅಲ್ಲಿಯೇ, ಸ್ವಲ್ಪ ಧೈರ್ಯ ಹುಟ್ಟುವುದೂ ಅಲ್ಲಿಂದಲೇ. ‘ಬರುವುದಿಲ್ಲ’ ಎಂಬುದರಲ್ಲಿ ಯಾವ ಘಟಕದಿಂದ ಪ್ರತಿ ವರ್ಷ ದೀರ್ಘ ಪ್ರಶ್ನೆ ಬಂದಿದೆಯೋ ಅದನ್ನು ಆರಿಸಿ, ಉಳಿದದ್ದರಲ್ಲಿ ವ್ಯಾಖ್ಯೆಗಳನ್ನು ಮಾತ್ರ ಕಲಿತು ಬಿಡಿ. ‘ಪಾಸಿಂಗ್ ಪ್ಯಾಕೇಜ್’ ಎಂದು ಝೆರಾಕ್ಸ್ ಅಂಗಡಿಯಲ್ಲಿ ಸಿಗುವ ಇಪ್ಪತ್ತು ಪುಟಗಳನ್ನು ನಾನು ತಿರಸ್ಕರಿಸುವುದಿಲ್ಲ, ಆದರೆ ಅದನ್ನು ಯಾರು ಬರೆದರೋ ಗೊತ್ತಿರುವುದಿಲ್ಲ. ಒಂದೇ ತಪ್ಪು ಸೂತ್ರವನ್ನು ಇಡೀ ಕೇಂದ್ರದ ವಿದ್ಯಾರ್ಥಿಗಳು ಒಂದೇ ರೀತಿ ಬರೆದಿದ್ದ ಪತ್ರಿಕೆಗಳನ್ನು ನಾನು ನೋಡಿದ್ದೇನೆ. ಪ್ಯಾಕೇಜಿನಿಂದ ಪ್ರಶ್ನೆಗಳನ್ನು ತೆಗೆದುಕೊಳ್ಳಿ, ಉತ್ತರವನ್ನು ಪಠ್ಯದಿಂದ ಹುಡುಕಿ.

ರಾತ್ರಿಯಿಡೀ ಎಚ್ಚರವಿರುವುದು ಹಾಸ್ಟೆಲಿನಲ್ಲಿ ಶೌರ್ಯದ ಮಾತು. ಹಗಲು ಕಲಿತದ್ದು ಗಟ್ಟಿಯಾಗುವುದು ನಿದ್ರೆಯಲ್ಲಿ. ನಿದ್ರೆಯನ್ನು ಕಡಿದರೆ ಕಲಿತದ್ದನ್ನೂ ಕಡಿದಂತೆ. ಪರೀಕ್ಷೆಯ ಹಿಂದಿನ ದಿನ ಹತ್ತೂವರೆಯೊಳಗೆ ಮಲಗಿ. ಮಲಗುವ ಮೊದಲು ಹಾಲ್ ಟಿಕೆಟ್, ಗುರುತಿನ ಚೀಟಿ, ಎರಡು ಪೆನ್ನು, ಬಸ್ ಪಾಸು ಒಂದೇ ಕಡೆ ಇಡಿ. ವೇಳಾಪಟ್ಟಿ ಪರಿಷ್ಕೃತವಾಗಿದೆಯೇ ಎಂಬುದನ್ನು ಕಾಲೇಜಿನ ಸೂಚನಾ ಫಲಕದಲ್ಲಿಯೇ ನೋಡಿ. ಗ್ರೂಪಿನಲ್ಲಿ ಹರಿದಾಡುವ ಚಿತ್ರವನ್ನು ನಂಬಿ, ಪರೀಕ್ಷೆ ಮುಗಿದ ಮರುದಿನ ಕಾಲೇಜಿನ ಗೇಟಿನಲ್ಲಿ ನಿಂತವರನ್ನು ನಾನು ಬಲ್ಲೆ.

ಪರೀಕ್ಷೆಯ ಕೊಠಡಿಗೆ ಹೋಗುವ ಮೊದಲೇ ಎದೆ ಹೊಡೆದುಕೊಳ್ಳುವವರು ಒಂದು ಕೆಲಸ ಮಾಡಬಹುದು. ಷಿಕಾಗೊ ವಿಶ್ವವಿದ್ಯಾಲಯದ ಜೆರಾರ್ಡೊ ರಮಿರೆಜ್ ಮತ್ತು ಸಯಾನ್ ಬೈಲಾಕ್ ಅವರು 2011ರಲ್ಲಿ ವರದಿ ಮಾಡಿದಂತೆ, ಪರೀಕ್ಷೆಗೆ ಮುನ್ನ 10 ನಿಮಿಷ ತಮ್ಮ ಆತಂಕವನ್ನೇ ಕಾಗದದ ಮೇಲೆ ಬರೆದ ವಿದ್ಯಾರ್ಥಿಗಳು, ವಿಶೇಷವಾಗಿ ಹೆಚ್ಚು ಹೆದರುವವರು, ಉತ್ತಮವಾಗಿ ಬರೆದರು. ಕಾಲೇಜಿನ ಮರದ ಕೆಳಗೆ ಕುಳಿತು ‘ನನಗೆ ಏನಾಗುತ್ತದೆಂಬ ಭಯವಿದೆ’ ಎಂಬುದನ್ನು ಬರೆದು ಹರಿದು ಹಾಕಿ. ಗೇಟಿನ ಬಳಿ ‘ಅದು ಓದಿದ್ಯಾ, ಇದು ಬರುತ್ತಂತೆ’ ಎನ್ನುವ ಗುಂಪಿನಿಂದ ದೂರವಿರಿ.

ಒಳಗೆ ಹೋದ ಮೇಲೆ ಲೆಕ್ಕ ಹೀಗೆ. ಪತ್ರಿಕೆ 80 ಅಂಕದ್ದು, ಅವಧಿ 3 ಗಂಟೆ ಎಂದಿಟ್ಟುಕೊಳ್ಳಿ. 180 ನಿಮಿಷದಲ್ಲಿ 10 ನಿಮಿಷ ಪ್ರಶ್ನೆಗಳನ್ನು ಓದಿ ಆರಿಸಲು, 10 ನಿಮಿಷ ಕೊನೆಗೆ ತಿರುವಿಹಾಕಲು ತೆಗೆದಿಟ್ಟರೆ ಅಂಕಕ್ಕೆ 2 ನಿಮಿಷ ಉಳಿಯುತ್ತದೆ. 5 ಅಂಕದ ಪ್ರಶ್ನೆಗೆ 10 ನಿಮಿಷ, ಅಷ್ಟೇ. ಚೆನ್ನಾಗಿ ಬರುತ್ತದೆಂದು ಅದಕ್ಕೆ 25 ನಿಮಿಷ ಕೊಟ್ಟರೆ ಆರನೆಯ ಅಂಕ ಸಿಗುವುದಿಲ್ಲ. ಚೆನ್ನಾಗಿ ಬರುವ ಉತ್ತರದಿಂದ ಪ್ರಾರಂಭಿಸಿ, ಪ್ರಶ್ನೆ ಸಂಖ್ಯೆಯನ್ನು ಸರಿಯಾಗಿ ಬರೆಯಿರಿ. ತಲೆ ಖಾಲಿಯಾದಂತೆ ಅನಿಸಿದರೆ ಪೆನ್ನು ಕೆಳಗಿಟ್ಟು, ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡುತ್ತ ಹತ್ತು ಉಸಿರು ಎಣಿಸಿ, ಆ ವಿಷಯದ ಯಾವುದಾದರೂ ಒಂದು ಪದವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯಿರಿ. ಒಂದು ಪದದ ಹಿಂದೆ ಇನ್ನೊಂದು ಬರುತ್ತದೆ.

ಮನೆ, ಫಲಿತಾಂಶ, ಮತ್ತು 14416

‘ಓದಿದರೂ ಫೇಲಾದರೆ’ ಎಂಬ ಮೂರನೆಯ ಭಯದ ಬೇರು ಹಲವು ಸಲ ಪುಸ್ತಕದಲ್ಲಿರುವುದಿಲ್ಲ, ಮನೆಯಲ್ಲಿರುತ್ತದೆ. ಸಾಲ ಮಾಡಿ ಶುಲ್ಕ ಕಟ್ಟಿದ ಅಪ್ಪ, ‘ಪಾಸಾಗದಿದ್ದರೆ ಮದುವೆ ಮಾಡಿಬಿಡುತ್ತೇವೆ’ ಎನ್ನುವ ಸೋದರಮಾವ, ಪಕ್ಕದ ಮನೆಯ ರ‍್ಯಾಂಕ್ ಬಂದ ಹುಡುಗಿ. ಇವರಿಗೆ ಫಲಿತಾಂಶದ ದಿನ ಸುದ್ದಿ ಹೇಳುವುದಕ್ಕಿಂತ, ಪರೀಕ್ಷೆಗೆ ತಿಂಗಳ ಮೊದಲೇ ‘ಅಪ್ಪಾ, ಈ ಒಂದು ಪತ್ರಿಕೆ ನನಗೆ ಕಷ್ಟವಾಗುತ್ತಿದೆ, ಇಂತಿಂಥದ್ದು ಮಾಡುತ್ತಿದ್ದೇನೆ’ ಎಂದು ಹೇಳಿಡುವುದು ಒಳ್ಳೆಯದು. ಅಪ್ಪನಿಗೆ ನೇರವಾಗಿ ಹೇಳಲಾಗದಿದ್ದರೆ ಅಕ್ಕನ ಮೂಲಕವೋ ಚಿಕ್ಕಪ್ಪನ ಮೂಲಕವೋ ಹೇಳಿಸಿ. ನಾನು ಕಂಡ ಹೆಚ್ಚಿನ ತಂದೆತಾಯಿಯರು ಕೆಟ್ಟ ಸುದ್ದಿಗಿಂತ ಹೆಚ್ಚಾಗಿ, ಅದನ್ನು ತಮ್ಮಿಂದ ಮುಚ್ಚಿಟ್ಟದ್ದಕ್ಕೆ ನೊಂದುಕೊಂಡವರು.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ರೆ ಬಾರದಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಬೇಡವೆನಿಸಿದರೆ, ಬದುಕೇ ಬೇಡವೆಂಬ ಯೋಚನೆ ಒಮ್ಮೆಯಾದರೂ ಸುಳಿದರೆ, ಅದು ಓದಿನ ತಂತ್ರಗಳಿಂದ ಪರಿಹಾರವಾಗುವ ವಿಷಯವಲ್ಲ. 14416 ಎಂಬ ಸಂಖ್ಯೆಗೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೇ ಮಾತನಾಡಬಹುದು. ಇದರ ತಜ್ಞ ಮಾರ್ಗದರ್ಶನದ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಕೋಣೆಯ ಗೆಳೆಯನಲ್ಲೋ ಗೆಳತಿಯಲ್ಲೋ ಈ ಲಕ್ಷಣಗಳು ಕಂಡರೆ ಅವರನ್ನು ಒಂಟಿಯಾಗಿ ಬಿಡದೆ, ನೀವೇ ಸಂಖ್ಯೆ ಒತ್ತಿ ಫೋನನ್ನು ಅವರ ಕೈಗೆ ಕೊಡಿ. ಚಿಕ್ಕಂದಿನಿಂದಲೂ ಯಾವ ಕೆಲಸದಲ್ಲಿಯೂ ಗಮನ ನಿಲ್ಲದೆ, ಎಲ್ಲವೂ ಅರ್ಧಕ್ಕೇ ನಿಲ್ಲುತ್ತ ಬಂದಿದ್ದರೆ, ಒಮ್ಮೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದರಲ್ಲಿ ತಪ್ಪಿಲ್ಲ.

ಪತ್ರಿಕೆಯೊಂದು ಉಳಿದೇ ಹೋದರೆ, ಫಲಿತಾಂಶ ಬಂದ ವಾರದಲ್ಲಿ ಎರಡು ದಿನಾಂಕಗಳನ್ನು ಕಾಲೇಜಿನ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ: ಉತ್ತರ ಪತ್ರಿಕೆಯ ಪ್ರತಿಗೆ ಮತ್ತು ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಲು ಕೊನೆಯ ದಿನ ಯಾವುದು, ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟಲು ಕೊನೆಯ ದಿನ ಯಾವುದು. ಮರುಮೌಲ್ಯಮಾಪನದ ಫಲಿತಾಂಶಕ್ಕಾಗಿ ಕಾಯುತ್ತ ಎರಡನೆಯದನ್ನು ತಪ್ಪಿಸಿಕೊಂಡವರು ಪ್ರತಿ ವರ್ಷ ನಮ್ಮ ಕಾಲೇಜಿನಲ್ಲಿಯೇ ನಾಲ್ಕೈದು ಜನ ಇರುತ್ತಾರೆ. ಉತ್ತರ ಪತ್ರಿಕೆಯ ಪ್ರತಿ ಕೈಗೆ ಬಂದ ಮೇಲೆ ಅದನ್ನು ಆ ವಿಷಯದ ಅಧ್ಯಾಪಕರ ಮುಂದಿಟ್ಟು, ಎಲ್ಲಿ ಅಂಕ ಹೋಗಿದೆ ಎಂದು ಪುಟಪುಟವಾಗಿ ಕೇಳಿ. ನನ್ನ ಸಂಖ್ಯಾಶಾಸ್ತ್ರದ ವಿಷಯದಲ್ಲಿ ಇಂಥ ಸೌಲಭ್ಯ ನನಗೆ ತಿಳಿದಿರಲಿಲ್ಲ. ಎರಡನೆಯ ಬಾರಿ ಬರೆಯುವಾಗ ಹಿರಿಯ ವಿದ್ಯಾರ್ಥಿಯೊಬ್ಬರು ದಿನಕ್ಕೊಂದು ಲೆಕ್ಕ ಕೊಟ್ಟು, ಸಂಜೆ ಅವರ ಕೋಣೆಯ ಬಾಗಿಲ ಸಂದಿಯಲ್ಲಿ ಉತ್ತರ ತೂರಿಸಬೇಕೆಂದು ಹೇಳಿದ್ದರು. ಎರಡು ತಿಂಗಳು ಹಾಗೆ ತೂರಿಸಿದೆ. ಒಂದು ದಿನ ತಪ್ಪಿಸಿದಾಗ ರಾತ್ರಿ ಹತ್ತಕ್ಕೆ ನನ್ನ ಬಾಗಿಲು ತಟ್ಟಿದ ಸದ್ದು ಕೇಳಿತು, ಅವರೇ ಬಂದಿದ್ದರು.